ಚಪ್ಪಾಳೆ ಇಲ್ಲದ ಸಭೆ

ನಮ್ಮಲ್ಲಿ ಯಾವುದೇ ಸಭೆಗೂ ಒಂದು ಕ್ರಮವಿದೆ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ದೀಪ ಬೆಳಗಿಸುವುದು, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಭಾಷಣ, ಕೊನೆಗೆ ವಂದನಾರ್ಪಣೆ. ನಡುನಡುವೆ ಚಪ್ಪಾಳೆ. ಮೈಕು ಒಮ್ಮೆ ಕೀರಲುತ್ತದೆ, ಕ್ಯಾಮೆರಾದ ಬೆಳಕು ಕಣ್ಣಿಗೆ ರಾಚುತ್ತದೆ. ವರದಿಗೆಂದು ಹೋಗುವ ನಮ್ಮಂಥವರಿಗೆ ಈ ಕ್ರಮ ಎಷ್ಟು ರೂಢಿಯಾಗಿದೆಯೆಂದರೆ, ಅರ್ಧ ವರದಿಯನ್ನು ಕಚೇರಿಯಲ್ಲೇ ಬರೆದಿಟ್ಟು ಹೋಗಬಹುದು.

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ವಿಶ್ವಸಂಸ್ಥೆ 2007ರಲ್ಲಿ ಗೊತ್ತುಮಾಡಿದ ಈ ದಿನವನ್ನು 2008ರಿಂದ ಆಚರಿಸಲಾಗುತ್ತಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ದಿನದ ಒಂದು ಸಮಾರಂಭಕ್ಕೆ ಹೋಗಿದ್ದೆ. ವೇದಿಕೆಯ ಮೇಲೆ ವೈದ್ಯರು, ಅಧಿಕಾರಿಗಳು, ದಾನಿಗಳು, ಪೋಷಕರ ಪರವಾಗಿ ಒಬ್ಬರು. ಮುಂದಿನ ಸಾಲಿನಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಯುವಕ ತಾಯಿಯ ಪಕ್ಕ ಕುಳಿತಿದ್ದ. ಚಪ್ಪಾಳೆ ಬಿದ್ದಾಗಲೆಲ್ಲ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಎದ್ದು ಹೊರಟೇಹೋದ. ತಾಯಿ ಚೀಲ ಎತ್ತಿಕೊಂಡು ಹಿಂದೆಯೇ ಓಡಿದರು. ‘ಇಂಥವರಿಗೆ ಸಮಾಜದೊಂದಿಗೆ ಬೆರೆಯುವುದು ಕಷ್ಟ’ ಎಂದು ಭಾಷಣಕಾರರು ಆಗ ಹೇಳುತ್ತಿದ್ದರು. ಆ ವಾಕ್ಯವನ್ನು ಬರೆದುಕೊಂಡೆ. ಮರುದಿನದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಹುಡುಗ ಎದ್ದು ಹೋದದ್ದು ಅಚ್ಚಾಗಲಿಲ್ಲ.

ಆಟಿಸಂ ಇರುವವರು ತಮಗಾಗಿ ತಾವೇ ನಡೆಸಿಕೊಳ್ಳುವ ಸಭೆಗಳೂ ಜಗತ್ತಿನಲ್ಲಿವೆ, ಅಲ್ಲಿ ಚಪ್ಪಾಳೆಯನ್ನೇ ಬಿಟ್ಟಿದ್ದಾರೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದು ಬರಿಯ ಶಬ್ದ ಕಡಿಮೆ ಮಾಡಿದ ಕಥೆಯಲ್ಲ. ಒಬ್ಬ ಮನುಷ್ಯನ ಬಗ್ಗೆ ಮಾತಾಡುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಎತ್ತಿದ ಚಳವಳಿಯ ಕಥೆ.

ಹೆಸರಿಟ್ಟವರು ಹೊರಗಿನವರು

ಆಟಿಸಂ ಎಂಬ ಪದದ ಮೂಲ ಗ್ರೀಕ್ ಭಾಷೆಯ ‘ಆಟೋಸ್’, ಅಂದರೆ ‘ತಾನು’. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜನ್ ಬ್ಲಾಯ್ಲರ್ 20ನೇ ಶತಮಾನದ ಆರಂಭದಲ್ಲಿ ಬೇರೊಂದು ಮನೋರೋಗದ ಲಕ್ಷಣವನ್ನು ವಿವರಿಸಲು ಅದನ್ನು ಬಳಸಿದರು. ಕನ್ನಡದಲ್ಲಿ ನಾವು ‘ಸ್ವಲೀನತೆ’ ಎನ್ನುತ್ತೇವೆ. ತನ್ನಲ್ಲೇ ಲೀನವಾದ ಸ್ಥಿತಿ. ಎರಡು ಹೆಸರುಗಳೂ ಹೊರಗೆ ನಿಂತು ನೋಡಿದವರು ಇಟ್ಟವು. ಒಳಗಿದ್ದವರನ್ನು ಯಾರೂ ಕೇಳಿರಲಿಲ್ಲ.

ಇಂದು ನಾವು ತಿಳಿದಿರುವ ಅರ್ಥದಲ್ಲಿ ಆಟಿಸಂ ವೈದ್ಯಗ್ರಂಥಗಳಿಗೆ ಸೇರಿದ್ದು 1943ರಲ್ಲಿ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದರು: ಎಂಟು ಹುಡುಗರು, ಮೂವರು ಹುಡುಗಿಯರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅಂಥದೇ ಮಕ್ಕಳ ಬಗ್ಗೆ ಬರೆದರು. (ನಾಜಿ ಆಡಳಿತದೊಂದಿಗೆ ಆಸ್ಪರ್ಗರ್ ಸಹಕರಿಸಿದ್ದರ ದಾಖಲೆಗಳು 2018ರಲ್ಲಿ ಬೆಳಕಿಗೆ ಬಂದವು. ಹೀಗಾಗಿ ಅವರ ಹೆಸರಿನ ‘ಸಿಂಡ್ರೋಮ್’ ಅನ್ನು ಈಗ ಹಲವರು ಬಳಸುವುದಿಲ್ಲ.)

ಮುಂದಿನ ಎರಡು ದಶಕ ತಾಯಂದಿರ ಪಾಲಿಗೆ ಕೆಟ್ಟ ಕಾಲ. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತು ಎಂಬ ವಾದ ಬಲವಾಗಿತ್ತು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಹೆಸರೂ ಅಂಟಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಈ ವಾದವನ್ನೇ ಹಿಡಿದು ಒಂದು ಪುಸ್ತಕ ಬರೆದರು. ಅದು ಬಹಳ ಜನಪ್ರಿಯವೂ ಆಯಿತು. ಅದಕ್ಕೆ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಆಟಿಸಂಗೆ ಕಾರಣ ಮಿದುಳಿನ ರಚನೆಯಲ್ಲಿದೆ, ತಾಯಿಯ ಮಡಿಲಿನಲ್ಲಲ್ಲ ಎಂದು ವಾದಿಸಿದ್ದರು. ಅವರ ಮಗನಿಗೇ ಆಟಿಸಂ ಇತ್ತು. 1965ರಲ್ಲಿ ಅವರು ಇತರ ಪೋಷಕರೊಂದಿಗೆ ಸೇರಿ ಅಮೆರಿಕದಲ್ಲಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಬ್ರಿಟನ್ನಿನಲ್ಲಿ ಪೋಷಕರು 1962ರಲ್ಲೇ ಸಂಘ ಕಟ್ಟಿಕೊಂಡಿದ್ದರು.

ಪೋಷಕರ ಈ ಸಂಘಗಳು ಮಾಡಿದ ಕೆಲಸ ದೊಡ್ಡದು. ಶಾಲೆಗಳು ತೆರೆದವು, ಕಾನೂನುಗಳು ಬದಲಾದವು, ತಾಯಂದಿರ ಮೇಲಿದ್ದ ಆರೋಪ ಇಳಿಯಿತು. ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನಗಳು ನಡೆಯತೊಡಗಿದವು. ವೈದ್ಯರು ಪ್ರಬಂಧ ಮಂಡಿಸುತ್ತಿದ್ದರು, ಪೋಷಕರು ಕೇಳುತ್ತಿದ್ದರು, ಕೆಲವೊಮ್ಮೆ ಪೋಷಕರೂ ಮಾತಾಡುತ್ತಿದ್ದರು. ಆದರೆ ಮಕ್ಕಳು ದೊಡ್ಡವರಾಗುತ್ತಾರೆ ಎಂಬ ಸಾಮಾನ್ಯ ಸಂಗತಿಯೊಂದನ್ನು ಈ ಸಮ್ಮೇಳನಗಳು ಬಹುಕಾಲ ಗಮನಿಸಲಿಲ್ಲ.

ಮೂವರು ಕೂಡಿದಾಗ

1986ರಲ್ಲಿ ಟೆಂಪಲ್ ಗ್ರ್ಯಾಂಡಿನ್ ತಮ್ಮ ಬದುಕಿನ ಕಥೆ ಪ್ರಕಟಿಸಿದರು. ಜಾನುವಾರುಗಳನ್ನು ಗಾಬರಿಪಡಿಸದೆ ಸಾಗಿಸುವ ವ್ಯವಸ್ಥೆಗಳನ್ನು ವಿನ್ಯಾಸ ಮಾಡಿ ಹೆಸರಾದವರು ಇವರು. 1992ರಲ್ಲಿ ಆಸ್ಟ್ರೇಲಿಯಾದ ಡೋನಾ ವಿಲಿಯಮ್ಸ್ ಅವರ ಆತ್ಮಕಥೆ ಬಂತು. ಆಟಿಸಂ ಇರುವವರು ತಮ್ಮ ಒಳಗನ್ನು ತಾವೇ ಬರೆಯಬಲ್ಲರು ಎಂಬುದು ಆಗಿನ ಓದುಗರಿಗೆ ಅಚ್ಚರಿಯ ಸಂಗತಿಯಾಗಿತ್ತು.

ಸಮ್ಮೇಳನಗಳಿಗೂ ಇಂಥವರಿಗೆ ಕರೆ ಬರತೊಡಗಿತು. ಆದರೆ ಕರೆಯುತ್ತಿದ್ದುದು ಯಾತಕ್ಕೆ? ಚಿಕ್ಕಂದಿನಲ್ಲಿ ಹೇಗಿದ್ದಿರಿ, ಯಾವಾಗ ಮಾತು ಬಂತು, ಯಾಕೆ ಕೈ ಆಡಿಸುತ್ತೀರಿ ಎಂದು ಕೇಳುವುದಕ್ಕೆ. ಮೃಗಾಲಯದ ಪ್ರಾಣಿಯೊಂದು ತನ್ನ ವಿವರಣೆಯನ್ನು ತಾನೇ ಹೇಳಿಕೊಂಡಂತೆ ಇತ್ತು ಆ ಪಾತ್ರ ಎಂಬ ಅರ್ಥದಲ್ಲಿ ಜಿಮ್ ಸಿಂಕ್ಲೇರ್ ಆಮೇಲೆ ಬರೆದಿದ್ದಾರೆ. ಅಮೆರಿಕದ ಸಿಂಕ್ಲೇರ್ ಅವರಿಗೂ ಆಟಿಸಂ ಇದೆ. ತಮಗೆ 12 ವರ್ಷವಾಗುವವರೆಗೆ ಮಾತು ಬಂದಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

1992ರಲ್ಲಿ ಡೋನಾ ವಿಲಿಯಮ್ಸ್ ತಮ್ಮ ಪುಸ್ತಕದ ಪ್ರಚಾರಕ್ಕೆಂದು ಅಮೆರಿಕಕ್ಕೆ ಬಂದರು. ಸಿಂಕ್ಲೇರ್ ಮತ್ತು ಕ್ಯಾಥಿ ಲಿಸ್ನರ್ ಎಂಬ ಇನ್ನೊಬ್ಬರೊಂದಿಗೆ ಪತ್ರದ ಮೂಲಕ ಪರಿಚಯವಾಗಿತ್ತು. ಮೂವರೂ ಕ್ಯಾಥಿಯವರ ಮನೆಯಲ್ಲಿ ಕೆಲವು ದಿನ ಕಳೆದರು. ಹೊಳೆಯುವ, ಬಣ್ಣಬಣ್ಣದ ವಸ್ತುಗಳನ್ನು ಒಟ್ಟಿಗೆ ನೋಡಿ ಸಂತೋಷಪಟ್ಟರು. ‘ಯಾಕೆ ಹಾಗೆ ಮಾಡುತ್ತೀಯ?’ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಪರದೇಶದಲ್ಲಿ ವರ್ಷಗಟ್ಟಲೆ ಇದ್ದವರಿಗೆ ತಮ್ಮ ಊರಿನ ಭಾಷೆ ಕಿವಿಗೆ ಬಿದ್ದಂಥ ಅನುಭವ ಅದು. ಆ ಭೇಟಿಯಿಂದ ಹುಟ್ಟಿದ್ದು ‘ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್’ ಎಂಬ ಸಂಘ. ‘ಅವರ್ ವಾಯ್ಸ್’ ಎಂಬ ಸುದ್ದಿಪತ್ರವನ್ನೂ ಅವರು ಹೊರಡಿಸಿದರು. ಹೆಸರೇ ಉದ್ದೇಶವನ್ನು ಹೇಳುತ್ತದೆ: ನಮ್ಮ ದನಿ.

ಟೊರೊಂಟೊದ ಮಾತು

1993ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಆಟಿಸಂ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಸಿಂಕ್ಲೇರ್ ಮಾತಾಡಿದರು. ಆ ಮಾತು ಅದೇ ವರ್ಷ ಅವರ ಸುದ್ದಿಪತ್ರದಲ್ಲಿ ‘ಡೋಂಟ್ ಮೋರ್ನ್ ಫಾರ್ ಅಸ್’ ಎಂಬ ಹೆಸರಿನಲ್ಲಿ ಲೇಖನವಾಗಿ ಬಂತು. ನಮಗಾಗಿ ಅಳಬೇಡಿ ಎಂದು ಅರ್ಥ.

ಅವರ ಎದುರು ಕುಳಿತಿದ್ದವರಲ್ಲಿ ಪೋಷಕರಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಆ ವಾದವನ್ನು ಓದಬೇಕು. ಅದರ ಸಾರ ಇಷ್ಟು: ನೀವು ಒಂದು ಮಗುವಿನ ಕನಸು ಕಂಡಿರಿ. ಆ ಮಗು ಬರಲಿಲ್ಲ. ಅದಕ್ಕೆ ದುಃಖಪಡುವುದು ಸಹಜ, ದುಃಖಪಡಿ. ಆದರೆ ಆ ದುಃಖ ನಿಮ್ಮ ಕನಸಿಗೆ ಸೇರಿದ್ದು, ನಿಮ್ಮ ಮುಂದಿರುವ ಮಗುವಿಗಲ್ಲ. ಆಟಿಸಂ ಎಂಬ ಚಿಪ್ಪಿನೊಳಗೆ ಬೇರೊಂದು ‘ಸರಿಯಾದ’ ಮಗು ಸಿಕ್ಕಿಬಿದ್ದಿಲ್ಲ. ಈ ಮಗುವೇ ಮಗು. ಅದು ಹೋಗಲಿ ಎಂದು ನೀವು ಪ್ರಾರ್ಥಿಸುವಾಗ ಮಗುವಿಗೆ ಕೇಳಿಸುವುದು, ತಾನು ಹೋಗಿ ತನ್ನ ಜಾಗಕ್ಕೆ ಬೇರೆ ಯಾರೋ ಬರಲಿ ಎಂಬ ಪ್ರಾರ್ಥನೆ.

ಮೆಚ್ಚಿದವರೂ ಇದ್ದರು, ನೊಂದವರೂ ಇದ್ದರು. ಇಷ್ಟು ಸೊಗಸಾಗಿ ಮಾತಾಡುವವರಿಗೆ ಆಟಿಸಂ ಇದೆಯೆಂದು ನಂಬುವುದು ಹೇಗೆ ಎಂಬ ಅನುಮಾನವನ್ನೂ ಇವರು ಎದುರಿಸಬೇಕಾಯಿತು. ಇಲ್ಲೊಂದು ವಿಚಿತ್ರವಿದೆ. ಮಾತಾಡಲಾರದವರಿಗೆ ತಮ್ಮ ಬಗ್ಗೆ ಹೇಳಲು ಆಗುವುದಿಲ್ಲ. ಮಾತಾಡಿಬಿಟ್ಟರೆ ಅವರು ‘ಅಂಥವರೇ’ ಅಲ್ಲ. ಹಾಗಾದರೆ ಸಾಕ್ಷಿ ಹೇಳುವವರು ಯಾರು?

ಇನ್ನೊಬ್ಬರ ಸಮ್ಮೇಳನದ ಒಂದು ಮೂಲೆಯಲ್ಲಿ ಜಾಗ ಕೇಳುವ ಬದಲು ತಮ್ಮದೇ ಸಭೆಯನ್ನು ಕೂಡಿಸಬೇಕು ಎಂಬ ಯೋಚನೆ ಈ ಅನುಭವಗಳಿಂದ ಗಟ್ಟಿಯಾಯಿತು.

ಕೆಂಪು, ಹಳದಿ, ಹಸಿರು

1996ರ ಜುಲೈ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾನನ್‌ಡೇಗ್ವಾ ಎಂಬ ಊರಿನ ಬಳಿ, ಕ್ಯಾಂಪ್ ಬ್ರಿಸ್ಟಲ್ ಹಿಲ್ಸ್ ಎಂಬ ಶಿಬಿರದ ತಾಣದಲ್ಲಿ ಆ ಸಭೆ ಸೇರಿತು. ‘ಆಟಿಸಂ’ ಮತ್ತು ‘ರಿಟ್ರೀಟ್’ ಪದಗಳನ್ನು ಕೂಡಿಸಿ ಅದಕ್ಕೆ ‘ಆಟ್ರೀಟ್’ ಎಂದು ಹೆಸರಿಟ್ಟರು. ಆಟಿಸಂ ಇರುವವರು ಯೋಜಿಸಿ, ನಡೆಸಿ, ಬಹುಮಟ್ಟಿಗೆ ತಮ್ಮವರಿಗಾಗಿಯೇ ಏರ್ಪಡಿಸಿದ ಕೂಟ ಅದು. ಪೋಷಕರಿಗೆ, ಮಕ್ಕಳಿಗೆ, ಸ್ನೇಹಿತರಿಗೆ, ಆಸಕ್ತ ವೃತ್ತಿಪರರಿಗೆ ಬಾಗಿಲು ತೆರೆದಿತ್ತು. ಆದರೆ ಅವರು ಅಲ್ಲಿ ಅತಿಥಿಗಳು; ಮನೆಯವರಲ್ಲ.

ಜಾಗ ಆರಿಸಿದ್ದರಲ್ಲೇ ಲೆಕ್ಕಾಚಾರವಿತ್ತು. ಆಟಿಸಂ ಇರುವ ಹಲವರಿಗೆ ಶಬ್ದ, ಬೆಳಕು, ವಾಸನೆಗಳು ನಮಗಿಂತ ಹೆಚ್ಚು ತೀವ್ರವಾಗಿ ತಟ್ಟುತ್ತವೆ. ನಾವು ಗಮನಿಸದ ಟ್ಯೂಬ್‌ಲೈಟಿನ ಮಿಣುಕು, ಫ್ಯಾನಿನ ಗುಂಯ್‌ಗುಡುವಿಕೆ, ಪಕ್ಕದವರ ಸೆಂಟಿನ ಘಾಟು ಅವರಿಗೆ ಇಡೀ ದಿನವನ್ನೇ ಹಾಳುಮಾಡಬಲ್ಲದು. ಆದ್ದರಿಂದ ನಗರದ ಹೋಟೆಲಿನ ಬದಲು ಹಳ್ಳಿಯ ಕಡೆಯ ತಾಣ. ಸುಗಂಧದ್ರವ್ಯ ಹಚ್ಚಿಕೊಂಡು ಬರಬಾರದು, ಫ್ಲಾಷ್ ಹಾಕಿ ಫೋಟೋ ತೆಗೆಯಬಾರದು ಎಂಬ ನಿಯಮ. ಬಂದ ಕೂಡಲೇ ಎಲ್ಲರಿಗೂ ಈ ಕ್ರಮಗಳ ಪರಿಚಯ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಬ್ಯಾಡ್ಜಿನ ಪದ್ಧತಿ. ಹೆಸರಿನ ಬಿಲ್ಲೆಯೊಂದಿಗೆ ಬಣ್ಣದ ಚೀಟಿ. ಕೆಂಪು ತೋರಿಸಿದರೆ ‘ಸದ್ಯ ಯಾರೂ ನನ್ನನ್ನು ಮಾತಾಡಿಸಬೇಡಿ’ ಎಂದು ಅರ್ಥ. ಹಳದಿಯಾದರೆ ‘ಮೊದಲೇ ಪರಿಚಯವಿದ್ದವರು ಮಾತ್ರ ಮಾತಾಡಿಸಿ’. ಮುಂದೆ ಇಂಥ ಕೂಟಗಳಲ್ಲಿ ಹಸಿರೂ ಸೇರಿತು: ‘ಮಾತಾಡಬೇಕೆಂದು ಆಸೆಯಿದೆ, ಶುರು ಮಾಡಲು ತಿಳಿಯುತ್ತಿಲ್ಲ, ನೀವೇ ಬನ್ನಿ’. ಮೇಲ್ನೋಟಕ್ಕೆ ಟ್ರಾಫಿಕ್ ದೀಪದ ಆಟದಂತೆ ಕಂಡರೂ ಇದರ ಹಿಂದಿನ ತಿಳಿವಳಿಕೆ ಸಣ್ಣದಲ್ಲ. ಎದುರಿನವರ ಮುಖ ನೋಡಿ ಮನಸ್ಸು ತಿಳಿದುಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ತಿಳಿಯದವರನ್ನು ತಪ್ಪಿತಸ್ಥರನ್ನಾಗಿ ಮಾಡುವ ಬದಲು, ತಿಳಿಯಬೇಕಾದ್ದನ್ನು ಬರೆದೇ ತೋರಿಸಿದರೆ ಮುಗಿಯಿತು. 2006ರಲ್ಲಿ ಸ್ಥಾಪನೆಯಾದ ‘ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್’ ಸಂಸ್ಥೆ ಈ ಬ್ಯಾಡ್ಜುಗಳನ್ನು ಇನ್ನಷ್ಟು ಪ್ರಚಾರಕ್ಕೆ ತಂದಿತು.

ಒತ್ತಾಯ ಮಾಡದೆ ಅವಕಾಶ ಕೊಡುವುದು ಆಟ್ರೀಟಿನ ಇನ್ನೊಂದು ನೀತಿ. ಕಾರ್ಯಕ್ರಮಗಳ ಪಟ್ಟಿ ಇರುತ್ತದೆ, ಯಾವುದಕ್ಕೂ ಹೋಗಲೇಬೇಕೆಂದಿಲ್ಲ. ಮೂರು ದಿನವೂ ಮರದ ಕೆಳಗೆ ಒಬ್ಬರೇ ಕುಳಿತಿದ್ದರೆ ಅದೂ ಭಾಗವಹಿಸಿದಂತೆಯೇ.

ಎಲ್ಲವೂ ಸುಸೂತ್ರ ಎಂದಲ್ಲ. ಒಬ್ಬರಿಗೆ ಸದಾ ಗುನುಗುತ್ತಿದ್ದರೆ ಸಮಾಧಾನ. ಪಕ್ಕದವರಿಗೆ ಆ ಗುನುಗೇ ಸಂಕಟ. ಇಬ್ಬರ ಅಗತ್ಯವೂ ನಿಜವಾದದ್ದೇ. ಯಾರು ಸರಿ ಎಂದು ತೀರ್ಪು ಕೊಟ್ಟು ಇಂಥದನ್ನು ಮುಗಿಸಲಾಗದು. ಯಾರು ಎಲ್ಲಿ ಕೂರಬಹುದು, ಯಾವ ಕೋಣೆ ಯಾವುದಕ್ಕೆ ಎಂದು ಕೂತು ಮಾತಾಡಿಯೇ ದಾರಿ ಕಂಡುಕೊಳ್ಳಬೇಕು.

ವೇದಿಕೆ ಹತ್ತುವವರ ಪಾಠ

ಇಂಥ ಸಭೆಯಲ್ಲಿ ವಿಷಯ ಮಂಡಿಸುವವರಿಗೆ ಮೊದಲು ಬದಲಾಗಬೇಕಾದದ್ದು ಒಂದು ಸರ್ವನಾಮ. ಬೇರೆ ಸಮ್ಮೇಳನಗಳಲ್ಲಿ ಆಟಿಸಂ ಇರುವವರು ‘ಅವರು’. ಇಲ್ಲಿ ಅವರೇ ಎದುರಿಗೆ ಕುಳಿತಿದ್ದಾರೆ. ‘ಅವರಿಗೆ ಅನುಭೂತಿ ಕಡಿಮೆ’ ಎಂದು ಒಬ್ಬ ತಜ್ಞರು ಇಲ್ಲಿ ಹೇಳಿದರೆ, ಆ ‘ಅವರಲ್ಲಿ’ ಒಬ್ಬರು ಎದ್ದು ನಿಂತು ‘ಯಾರಿಗೆ?’ ಎಂದು ಕೇಳಬಹುದು.

ವಿಷಯದ ಆಯ್ಕೆಯೂ ಬದಲಾಗುತ್ತದೆ. ಆಟಿಸಂ ಯಾಕೆ ಬರುತ್ತದೆ, ಅದನ್ನು ಹೋಗಲಾಡಿಸುವುದು ಹೇಗೆ ಎಂಬ ಪ್ರಬಂಧಗಳಿಗೆ ಆಟ್ರೀಟ್ ಜಾಗ ಕೊಡಲಿಲ್ಲ. ಕೆಲಸ, ಸ್ನೇಹ, ಹಕ್ಕು, ಮನೆ, ವೈದ್ಯರೊಂದಿಗೆ ವ್ಯವಹರಿಸುವುದು ಹೇಗೆ, ಹೀಗೆ ಇರುವ ಬದುಕನ್ನು ಚೆನ್ನಾಗಿ ಬದುಕುವ ವಿಷಯಗಳೇ ಮುಖ್ಯ.

ಇನ್ನು ಕೇಳುಗರ ನಡವಳಿಕೆ. ಭಾಷಣಕಾರರು ಸಾಮಾನ್ಯವಾಗಿ ಕೇಳುಗರ ಕಣ್ಣು ನೋಡಿ ಮಾತಿನ ಹದ ತಿಳಿಯುತ್ತಾರೆ. ಇಲ್ಲಿ ಆ ಲೆಕ್ಕ ನಡೆಯದು. ಒಬ್ಬರು ಹಿಂದೆ ಮುಂದೆ ತೂಗುತ್ತಿರಬಹುದು, ಇನ್ನೊಬ್ಬರು ನೆಲದ ಮೇಲೆ ಮಲಗಿರಬಹುದು, ಮತ್ತೊಬ್ಬರು ಬೆನ್ನು ತಿರುಗಿಸಿ ಕೈಯಲ್ಲಿ ಏನನ್ನೋ ತಿರುಗಿಸುತ್ತಿರಬಹುದು. ಅವರಲ್ಲೇ ಯಾರೋ ಕೊನೆಗೆ, ಭಾಷಣದ ಮೊದಲ ಐದು ನಿಮಿಷದಲ್ಲಿ ಹೇಳಿದ ಒಂದು ಇಸವಿ ತಪ್ಪು ಎಂದು ತಿದ್ದುತ್ತಾರೆ! ಕಣ್ಣು ಕೂಡಿಸದವರು ಕೇಳಿಸಿಕೊಳ್ಳುತ್ತಿಲ್ಲ ಎಂಬುದು ಕೇಳುವ ಕಿವಿಯ ನಿಯಮವಲ್ಲ. ಅದು ಒಂದು ಸಮಾಜದ ರೂಢಿ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಿರಿಯರ ಎದುರು ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆಯಾಗಿತ್ತು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದೇ ಉದ್ಧಟತನ. ಇಂದು ಸಂದರ್ಶನ ಕೋಣೆಯಲ್ಲಿ ಅದು ತಿರುವುಮುರುವಾಗಿದೆ.

ಹೇಳಬೇಕಾದ್ದನ್ನು ನೇರವಾಗಿ ಹೇಳುವುದು, ಗೊತ್ತಾದ ಹೊತ್ತಿಗೆ ಶುರುಮಾಡಿ ಗೊತ್ತಾದ ಹೊತ್ತಿಗೆ ಮುಗಿಸುವುದು, ಎದ್ದು ಹೋದವರನ್ನು ಕಂಡು ಬೇಸರಪಡದಿರುವುದು, ಇವೂ ಮಂಡನಕಾರರು ಕಲಿಯಬೇಕಾದ ಪಾಠಗಳೇ. ಮುಖ್ಯ ಅತಿಥಿಗಳಿಗಾಗಿ ಒಂದು ಗಂಟೆ ಕಾಯುವ ನಮ್ಮ ಸಭೆಗಳಿಗೂ ಇದರಲ್ಲಿ ಪಾಠವಿದೆ.

ಆಟ್ರೀಟನ್ನು ಕಂಡು ಬ್ರಿಟನ್ನಿನಲ್ಲಿ 2005ರಲ್ಲಿ ‘ಆಟ್‌ಸ್ಕೇಪ್’ ಎಂಬ ವಾರ್ಷಿಕ ಸಮಾವೇಶ ಆರಂಭವಾಯಿತು. ಅಲ್ಲಿ ಭಾಷಣ ಮೆಚ್ಚಿಗೆಯಾದರೆ ಚಪ್ಪಾಳೆ ತಟ್ಟುವ ಬದಲು ಎರಡೂ ಕೈ ಎತ್ತಿ ಗಾಳಿಯಲ್ಲಿ ಆಡಿಸುತ್ತಾರೆ. ಕಿವುಡರ ಸಮುದಾಯದಲ್ಲಿ ಈ ಪದ್ಧತಿ ಮೊದಲೇ ಇತ್ತು. ಆದರೆ ಆಟಿಸಂ ಇರುವವರ ಕೈಯಲ್ಲಿ ಅದಕ್ಕೆ ಇನ್ನೊಂದು ಅರ್ಥ ಬಂತು. ಖುಷಿಯಾದಾಗ ಕೈ ಆಡಿಸುವುದು ಅವರಲ್ಲಿ ಹಲವರಿಗೆ ಸಹಜ ಅಭ್ಯಾಸ. ‘ಕೈ ಸುಮ್ಮನಿರಲಿ’ ಎಂದು ಎಷ್ಟೋ ತರಬೇತಿ ಕೋಣೆಗಳಲ್ಲಿ ಗದರಿಸಿ ಬಿಡಿಸುತ್ತಿದ್ದ ಅಭ್ಯಾಸವೂ ಅದೇ. ಗದರಿಕೆಗೆ ಗುರಿಯಾದ ಆ ಚಲನೆಯೇ ಇಲ್ಲಿ ಸಭೆಯ ಮೆಚ್ಚಿಗೆ!

ಆಟ್ರೀಟ್ ಕೊನೆಯ ಬಾರಿಗೆ ನಡೆದದ್ದು 2013ರಲ್ಲಿ. ಅದರ ಪದ್ಧತಿಗಳು ಮಾತ್ರ ಬೇರೆ ಬೇರೆ ದೇಶಗಳ ಸಭೆಗಳಿಗೆ ಹರಡಿಕೊಂಡಿವೆ. ಶಾಂತ ಕೋಣೆ, ಬಣ್ಣದ ಬ್ಯಾಡ್ಜು, ಸದ್ದಿಲ್ಲದ ಮೆಚ್ಚಿಗೆ ಈಗ ಕೆಲವು ವಿದ್ವತ್ ಸಮ್ಮೇಳನಗಳಲ್ಲೂ ಕಾಣಸಿಗುತ್ತವೆ.

ಯಾರ ಪರವಾಗಿ ಯಾರು?

ಈ ಚಳವಳಿಗೆ ಗಂಭೀರವಾದ ಆಕ್ಷೇಪವೊಂದಿದೆ. ಮಾತಾಡಬಲ್ಲವರು, ಸಭೆ ನಡೆಸಬಲ್ಲವರು ತಮ್ಮ ಅನುಭವವನ್ನೇ ಎಲ್ಲರ ಅನುಭವ ಎನ್ನುತ್ತಿದ್ದಾರೆ. ಮಾತೇ ಬಾರದ, ತನ್ನನ್ನು ತಾನೇ ಗಾಯಮಾಡಿಕೊಳ್ಳುವ, ಹಗಲು ರಾತ್ರಿ ಆರೈಕೆ ಬೇಕಾದ ಮಕ್ಕಳ ತಾಯ್ತಂದೆಯರ ಪಾಡು ಇದರಲ್ಲಿ ಮರೆಯಾಗುತ್ತಿದೆ ಎಂಬುದು ಆ ಆಕ್ಷೇಪ. 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗವು, ಅತಿ ಹೆಚ್ಚು ಆಸರೆ ಬೇಕಾದವರಿಗೆ ‘ಪ್ರೊಫೌಂಡ್ ಆಟಿಸಂ’ ಎಂಬ ಬೇರೆ ಹೆಸರನ್ನು ಸೂಚಿಸಿದ್ದಕ್ಕೂ ಈ ಕಾಳಜಿಯೇ ಕಾರಣ. ಅದರ ಮೇಲೆ ಚರ್ಚೆ ಇನ್ನೂ ನಿಂತಿಲ್ಲ.

ಪೋಷಕರ ದಣಿವು ಸುಳ್ಳಲ್ಲ. ಆದರೆ ಮಾತು ಬಾರದವರೆಲ್ಲ ಹೇಳಲು ಏನೂ ಇಲ್ಲದವರು ಎಂಬ ತೀರ್ಮಾನಕ್ಕೆ ಬರುವಾಗ ಎಚ್ಚರ ಬೇಕು. ಟೈಪ್ ಮಾಡಿ ಸಂವಹನ ನಡೆಸುತ್ತಿದ್ದ ಅಮೆರಿಕದ ಮೆಲ್ ಬ್ಯಾಗ್ಸ್ 2007ರಲ್ಲಿ ‘ಇನ್ ಮೈ ಲ್ಯಾಂಗ್ವೇಜ್’ ಎಂಬ ಕಿರುಚಿತ್ರ ಮಾಡಿದರು. ಮೊದಲರ್ಧದಲ್ಲಿ ಅವರು ತೂಗುತ್ತಾರೆ, ಗುನುಗುತ್ತಾರೆ, ವಸ್ತುಗಳನ್ನು ಮುಟ್ಟುತ್ತಾರೆ. ಉಳಿದರ್ಧದಲ್ಲಿ ಯಂತ್ರದ ದನಿಯ ಮೂಲಕ ವಿವರಿಸುತ್ತಾರೆ: ಇದು ಅರ್ಥವಿಲ್ಲದ ಆಟವಲ್ಲ, ಸುತ್ತಲಿನ ಜಗತ್ತಿನೊಂದಿಗೆ ತಾವು ನಡೆಸುವ ಸಂಭಾಷಣೆ. ಬ್ಯಾಗ್ಸ್ 2020ರಲ್ಲಿ ತೀರಿಕೊಂಡರು.

ಪರಿಹಾರ ಬಹುಶಃ ಒಬ್ಬರ ಬದಲು ಇನ್ನೊಬ್ಬರನ್ನು ವೇದಿಕೆಗೆ ಹತ್ತಿಸುವುದರಲ್ಲಿಲ್ಲ. ವೇದಿಕೆಯನ್ನೇ ದೊಡ್ಡದು ಮಾಡುವುದರಲ್ಲಿದೆ.

ಕಿವಿಯಿಂದ ಕಿವಿಗೆ

ವಿಜ್ಞಾನವೂ ಈ ಸಭೆಗಳ ಅನುಭವವನ್ನು ನಿಧಾನವಾಗಿ ಹಿಂಬಾಲಿಸಿದೆ. 1985ರಲ್ಲಿ ಲಂಡನ್ನಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಆಟಿಸಂ ಇರುವ 20 ಮಕ್ಕಳ ಮುಂದೆ ಎರಡು ಗೊಂಬೆಗಳ ಆಟ ಆಡಿಸಿದರು. ಒಂದು ಗೊಂಬೆ ಇಲ್ಲದಾಗ ಅದರ ಗೋಲಿಯನ್ನು ಇನ್ನೊಂದು ಗೊಂಬೆ ಬೇರೆಡೆ ಇಡುತ್ತದೆ. ತಿರುಗಿ ಬಂದ ಗೊಂಬೆ ಎಲ್ಲಿ ಹುಡುಕುತ್ತದೆ? 16 ಮಕ್ಕಳು ತಪ್ಪಿದರು. ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿ ಇವರಲ್ಲಿ ಕೊರತೆಯಾಗಿದೆ ಎಂಬ ಸಿದ್ಧಾಂತ ಅಲ್ಲಿಂದ ಬೇರೂರಿತು.

2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಮರುಪ್ರಶ್ನೆ ಹಾಕಿದರು. ಸಮಾಜವಿಜ್ಞಾನಿಯಾದ ಅವರಿಗೂ ಆಟಿಸಂ ಇದೆ. ಇಬ್ಬರು ಪರಸ್ಪರ ಅರ್ಥವಾಗದಿದ್ದರೆ ಕೊರತೆ ಒಬ್ಬರದೇ ಎನ್ನುವುದು ಹೇಗೆ? ಆಟಿಸಂ ಇಲ್ಲದವರಿಗೂ ಆಟಿಸಂ ಇರುವವರ ಮನಸ್ಸು ತಿಳಿಯುವುದಿಲ್ಲವಲ್ಲ! ಇದನ್ನು ಅವರು ‘ಇಬ್ಬದಿಯ ಅನುಭೂತಿ ಸಮಸ್ಯೆ’ ಎಂದರು.

2020ರಲ್ಲಿ ಎಡಿನ್‌ಬರೋದ ಸಂಶೋಧಕರು ಇದನ್ನು ಪರೀಕ್ಷಿಸಲು ಮಕ್ಕಳಾಟದಂಥ ವಿಧಾನ ಹಿಡಿದರು. ಕಿವಿಯಿಂದ ಕಿವಿಗೆ ಕಥೆ ದಾಟಿಸುವ ಆಟ ನಾವೆಲ್ಲ ಆಡಿದ್ದೇವೆ. ಎಂಟೆಂಟು ಜನರ ಒಂಬತ್ತು ಸಾಲು, ಒಟ್ಟು 72 ಮಂದಿ. ಎಲ್ಲರಿಗೂ ಆಟಿಸಂ ಇದ್ದ ಸಾಲುಗಳಲ್ಲಿ ಕಥೆ, ಯಾರಿಗೂ ಆಟಿಸಂ ಇಲ್ಲದ ಸಾಲುಗಳಲ್ಲಿ ಉಳಿದಷ್ಟೇ ಉಳಿಯಿತು. ಇಬ್ಬರೂ ಬೆರೆತ ಸಾಲುಗಳಲ್ಲಿ ಹೆಚ್ಚು ಸೋರಿಹೋಯಿತು. 2025ರಲ್ಲಿ ಇನ್ನೂ ಹೆಚ್ಚು ಜನರೊಂದಿಗೆ ಈ ಪ್ರಯೋಗವನ್ನು ಮತ್ತೆ ಮಾಡಿದಾಗ ಮೂರೂ ಬಗೆಯ ಸಾಲುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬೆರೆತ ಸಾಲಿನ ತೊಂದರೆ ಮೊದಲು ಅಂದುಕೊಂಡಷ್ಟು ಖಚಿತವಲ್ಲ ಎಂದಾಯಿತು. ಎರಡು ಪ್ರಯೋಗಗಳೂ ಒಪ್ಪುವ ಮಾತು ಒಂದು: ಆಟಿಸಂ ಇರುವವರು ತಮ್ಮತಮ್ಮೊಳಗೆ ವಿಷಯ ದಾಟಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆಟ್ರೀಟಿಗೆ ಹೋದವರಿಗೆ ಇದು 1996ರಲ್ಲೇ ಗೊತ್ತಿತ್ತು.

ನಮ್ಮ ಸಭಾಂಗಣಗಳಲ್ಲಿ

ಭಾರತದಲ್ಲಿ ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದು ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅದಕ್ಕೆ ಹಿನ್ನೆಲೆಯಾದ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿತ್ತು. ಅಂಗವಿಕಲರ ಬಗ್ಗೆ ನಿರ್ಧಾರ ಮಾಡುವಾಗ ಅವರನ್ನು ಕೇಳಿಯೇ ಮಾಡಬೇಕು ಎಂಬುದು ಆ ಒಡಂಬಡಿಕೆಯ ತಿರುಳು.

ನಮ್ಮ ರಾಜ್ಯದಲ್ಲಿ ಮಗುವಿಗೆ ಮಾತು ತಡವಾದರೆ ತಾಯ್ತಂದೆಯರು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುತ್ತಾರೆ. ಅಲ್ಲಿಂದ ಮುಂದಿನ ದಾರಿ ದೀರ್ಘ. ಶಾಲೆ, ತರಬೇತಿ, ಪ್ರಮಾಣಪತ್ರ, ಪಿಂಚಣಿ. ಈ ದಾರಿಯ ಬದಿಯಲ್ಲಿ ವರ್ಷಕ್ಕೊಮ್ಮೆ ಸಮಾರಂಭಗಳು ನಡೆಯುತ್ತವೆ. ಅವನ್ನು ನಡೆಸುವವರ ಕಾಳಜಿ ನಿಜವಾದದ್ದೇ. ಬೇಕಾಗಿರುವ ಬದಲಾವಣೆಗೆ ದೊಡ್ಡ ಖರ್ಚೇನಿಲ್ಲ. ಮೈಕಿನ ದನಿ ಸ್ವಲ್ಪ ತಗ್ಗಿಸುವುದು. ಎದ್ದು ಹೋದವರು ಕೂರಲು ಪಕ್ಕದಲ್ಲಿ ಒಂದು ಸದ್ದಿಲ್ಲದ ಕೋಣೆ. ಆಹ್ವಾನ ಪತ್ರಿಕೆಯಲ್ಲಿ ಹಾಕಿದ ಹೊತ್ತಿಗೇ ಆರಂಭ. ಮತ್ತು ಭಾಷಣಕಾರರ ಪಟ್ಟಿಯಲ್ಲಿ, ಬರೆದು ಓದಿಸುವುದಾದರೂ ಸರಿ, ಟೈಪ್ ಮಾಡಿ ತೋರಿಸುವುದಾದರೂ ಸರಿ, ಯಾರ ಹೆಸರಿನಲ್ಲಿ ಸಭೆಯೋ ಅವರಲ್ಲಿ ಒಬ್ಬರು.

ಅಂದು ಕಿವಿ ಮುಚ್ಚಿಕೊಂಡು ಹೊರಟ ಆ ಯುವಕನ ಹೆಸರು ನನಗೆ ಗೊತ್ತಿಲ್ಲ. ಕೇಳಲಿಲ್ಲ. ಆತ ಸಭೆಯೊಂದಿಗೆ ಬೆರೆಯಲಾರದೆ ಹೋದ ಎಂದೇ ಆಗ ಅಂದುಕೊಂಡಿದ್ದೆ. ಆದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಆ ಸದ್ದನ್ನು ಸಹಿಸಿ ನಮ್ಮ ನಡುವೆ ಕುಳಿತಿದ್ದ ಆತ ತನ್ನ ಪಾಲಿನ ಪ್ರಯತ್ನವನ್ನು ಮಾಡಿದ್ದ. ಚಪ್ಪಾಳೆ ತಟ್ಟುತ್ತಿದ್ದ ನಾವು ನಮ್ಮ ಪಾಲಿನದನ್ನು ಮಾಡಿರಲಿಲ್ಲ.